ರಾಜೀನಾಮೆಯೋ, ವಜಾವೋ? ‘ತಾನೇ ಬಿಟ್ಟು ಹೋದ’ ಎನ್ನುವ ತಕರಾರು ಬಂದರೆ ಕಾರ್ಮಿಕರು ಏನು ಮಾಡಬೇಕು

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿ ಇರಲಿ, ವಡಗಾವಿ, ಖಾಸಬಾಗದ ಪವರ್‌ಲೂಮ್ ಇರಲಿ, ಗೋಕಾಕ, ಅಥಣಿ ಭಾಗದ ಸಕ್ಕರೆ ಕಾರ್ಖಾನೆ ಇರಲಿ, ಕೆಲಸ ಹೋಗುವ ರೀತಿ ಬಹುತೇಕ ಒಂದೇ. ಕಾಗದದ ಮೇಲೆ ಯಾರೂ ಏನೂ ಬರೆದುಕೊಡುವುದಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಬಂದು, “ನಾಳಿಂದ ಬರಬ್ಯಾಡಪಾ, ಮಾಲಕರು ಹೇಳ್ಯಾರ” ಅನ್ನುತ್ತಾರೆ. ಮರುದಿನ ಹೋದರೆ ವಾಚ್‌ಮನ್ ಗೇಟ್ ತೆಗೆಯುವುದಿಲ್ಲ. ಒಂದೆರಡು ತಿಂಗಳ ನಂತರ ಕಾರ್ಮಿಕ ಅಧಿಕಾರಿಯ ಮುಂದೆ ಕೂತಾಗ ಅದೇ ಮಾಲಕರು, “ನಾವು ತೆಗೆದೇ ಇಲ್ಲ ಸಾಹೇಬ್ರ, ತಾನೇ ಬಿಟ್ಟು ಹೋದ” ಎನ್ನುತ್ತಾರೆ.

ಇಂಥ ತಕರಾರಿನಲ್ಲಿ ಕಾರ್ಮಿಕ ಸೋಲುವುದು ಹೆಚ್ಚಾಗಿ ತಪ್ಪು ಮಾಡಿದ್ದಕ್ಕಲ್ಲ, ಸುಮ್ಮನೆ ಕೂತಿದ್ದಕ್ಕೆ. “ಕರೀತಾರೆ, ನೋಡೋಣ” ಅಂತ ಮನೆಯಲ್ಲಿ ಕಾಯುವ ಆ ಮೊದಲ ಎರಡು ಮೂರು ವಾರಗಳೇ ಮುಂದೆ ಮಾಲಕರ ಪರ ಸಾಕ್ಷಿಯಾಗುತ್ತವೆ. ಹಾಗಾಗಿ ಈ ಬರಹದ ಬಹುಪಾಲು ಮೊದಲ ವಾರದ ಬಗ್ಗೆಯೇ ಇದೆ. ಕೋರ್ಟಿನ ವಿಷಯ ಆಮೇಲೆ.

ಮೊದಲು: ಎರಡಕ್ಕೂ ವ್ಯತ್ಯಾಸ ಎಷ್ಟು ದುಡ್ಡಿನದು?

“ಹೇಗೂ ಕೆಲಸ ಹೋಯಿತು, ರಾಜೀನಾಮೆ ಅಂತ ಬರೆದುಕೊಟ್ಟರೆ ಏನಾಗುತ್ತೆ?” ಎಂದು ಕೇಳುವವರು ಜಾಸ್ತಿ. ಒಂದು ಲೆಕ್ಕ ನೋಡಿ. ಫೌಂಡ್ರಿಯ ಮೋಲ್ಡಿಂಗ್ ವಿಭಾಗದಲ್ಲಿ ಎಂಟು ವರ್ಷ ದುಡಿದವರು ಇದ್ದಾರೆ, ಕೊನೆಯ ತಿಂಗಳ ಪಗಾರ 15,600 ರೂಪಾಯಿ ಎಂದುಕೊಳ್ಳಿ.

ಗ್ರಾಚ್ಯುಟಿ ಎರಡೂ ರೀತಿಯಲ್ಲಿ ಸಿಗುತ್ತದೆ. ಐದು ವರ್ಷ ಸತತ ಸೇವೆ ಆಗಿದ್ದರೆ, ರಾಜೀನಾಮೆ ಕೊಟ್ಟರೂ ಅದು ನಿಮ್ಮ ಹಕ್ಕು. ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 9,000. ಎಂಟು ವರ್ಷಕ್ಕೆ 72,000 ರೂಪಾಯಿ. ಇದನ್ನು “ರಾಜೀನಾಮೆ ಬರೆದುಕೊಟ್ಟರೆ ಮಾತ್ರ ಕೊಡ್ತೀವಿ” ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಆದರೆ ಕೆಲಸ ಕಡಿಮೆಯಾಗಿದೆ ಎಂದು ಮಾಲಕರೇ ತೆಗೆದರೆ ಅದು ಹಿಂಕಡಿತ (ರಿಟ್ರೆಂಚ್‌ಮೆಂಟ್). ಒಂದು ವರ್ಷ ಸತತ ಸೇವೆ, ಅಂದರೆ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ, ಆಗಿದ್ದವರಿಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಪಗಾರ ಕೊಡಬೇಕು. ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ. ನಮ್ಮ ಉದಾಹರಣೆಯಲ್ಲಿ ಇವೆರಡೂ ಸೇರಿ ಸುಮಾರು 78,000 ರೂಪಾಯಿ ಆಗುತ್ತದೆ. ಇದು ಗ್ರಾಚ್ಯುಟಿಯ ಮೇಲೆ ಬರುವ ದುಡ್ಡು. ರಾಜೀನಾಮೆ ಎಂದಾದರೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಅಷ್ಟೇ ಅಲ್ಲ, ಕೆಲಸ ವಾಪಸ್ ಕೇಳುವ ಹಕ್ಕೂ ಹೋಗುತ್ತದೆ. ಒಂದು ಸಹಿಯ ಬೆಲೆ ಇಷ್ಟಿದೆ.

ಹೆಜ್ಜೆ 1: ಅದೇ ದಿನ ಬರೆದಿಟ್ಟುಕೊಳ್ಳಿ

ಮನೆಗೆ ಹೋಗಿ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿಯಾದರೂ ಸರಿ, ಬರೆಯಿರಿ. ಯಾವ ತಾರೀಖು, ಎಷ್ಟು ಗಂಟೆ, ಯಾರು ಹೇಳಿದರು, ಯಾವ ಮಾತಿನಲ್ಲಿ ಹೇಳಿದರು, ಆಗ ಪಕ್ಕದಲ್ಲಿ ಯಾರಿದ್ದರು. “ಮ್ಯಾನೇಜ್‌ಮೆಂಟ್‌ನವರು ತೆಗೆದರು” ಎಂದು ಬರೆದರೆ ಉಪಯೋಗವಿಲ್ಲ. “ಎರಡನೇ ಪಾಳಿಯ ಸೂಪರ್‌ವೈಸರ್, ಸಂಜೆ ಆರು ಗಂಟೆಗೆ, ಫರ್ನೇಸ್ ಹತ್ತಿರ” ಎಂದು ಬರೆಯಬೇಕು. ಒಂದೂವರೆ ವರ್ಷದ ನಂತರ ಕೋರ್ಟಿನಲ್ಲಿ ಮಾಲಕರ ವಕೀಲರು ಕೇಳುವುದೇ ಇದನ್ನು. ಬಾಯಿಮಾತಿನಲ್ಲಿ ತೆಗೆದರು ಎಂದು ಹೇಳುವವರು ಯಾರು, ಯಾವಾಗ, ಎಲ್ಲಿ ಎನ್ನುವುದನ್ನು ಖಚಿತವಾಗಿ ಹೇಳದಿದ್ದರೆ ಪ್ರಕರಣ ಅಲ್ಲಿಯೇ ಅರ್ಧ ಸೋತ ಹಾಗೆ.

ಹೆಜ್ಜೆ 2: ಮರುದಿನ ಪಾಳಿಯ ಹೊತ್ತಿಗೆ ಗೇಟಿಗೆ ಹೋಗಿ

“ಬರಬ್ಯಾಡ ಅಂದ ಮ್ಯಾಲೆ ಹೋಗಿ ಯಾಕ ಅವಮಾನ ಮಾಡ್ಕೋಬೇಕು” ಅನ್ನಿಸುತ್ತದೆ. ಆದರೂ ಹೋಗಲೇಬೇಕು. ಕೆಲಸ ಮಾಡಲು ನೀವು ಸಿದ್ಧರಿದ್ದೀರಿ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ. ಡಬ್ಬಿ ತೆಗೆದುಕೊಂಡು, ಯೂನಿಫಾರ್ಮ್ ಇದ್ದರೆ ಹಾಕಿಕೊಂಡು ಹೋಗಿ. ಒಳಗೆ ಬಿಡದಿದ್ದರೆ ಜಗಳ ಬೇಡ, ಕೂಗಾಟ ಬೇಡ. ಜಗಳ ಮಾಡಿದರೆ ಅದನ್ನೇ ದುರ್ನಡತೆ ಎಂದು ಹಿಡಿಯುತ್ತಾರೆ. ಗೇಟಿನ ಮುಂದೆ ನಿಂತು ಮ್ಯಾನೇಜರ್‌ಗೆ ವಾಟ್ಸಾಪ್ ಕಳಿಸಿ: “ಇಂದು ಬೆಳಿಗ್ಗೆ 7ಕ್ಕೆ ಕೆಲಸಕ್ಕೆ ಬಂದಿದ್ದೇನೆ. ವಾಚ್‌ಮನ್ ಒಳಗೆ ಬಿಡುತ್ತಿಲ್ಲ. ದಯವಿಟ್ಟು ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿ.” ಎರಡು ಮೂರು ದಿನ ಹೀಗೇ ಮಾಡಿ.

ಗೇಟಿನ ಮಾತು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಒಂದು ತೀರ್ಪು ಗೊತ್ತಿರಲಿ. ಡಿ. ಕೆ. ಯಾದವ್ ಎಂಬ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪು ಕೊಟ್ಟಿತು. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂದು ಆ ಕಂಪನಿಯ ಸ್ಥಾಯಿ ಆದೇಶದಲ್ಲಿ, ಅಂದರೆ ಕೆಲಸದ ನಿಯಮಗಳಲ್ಲಿ, ಇತ್ತು. ಅದನ್ನು ತೋರಿಸಿ ಹೆಸರು ತೆಗೆದಿದ್ದರು. ಯಾದವ್ ಅವರು ಹೇಳಿದ್ದು ಇಷ್ಟೇ: ನಾನು ದಿನಾ ಹೋಗುತ್ತಿದ್ದೆ, ಗೇಟಿನಲ್ಲಿ ತಡೆದರು, ಹಾಜರಿಗೆ ಸಹಿ ಮಾಡಲು ಬಿಡಲಿಲ್ಲ. ವಿಚಾರಣೆ ಮಾಡದೆ, ಅವರ ಮಾತು ಕೇಳದೆ ತೆಗೆದಿದ್ದು ತಪ್ಪು ಎಂದ ಕೋರ್ಟ್ ಅವರನ್ನು ವಾಪಸ್ ತೆಗೆದುಕೊಳ್ಳಲು ಹೇಳಿತು. ಹಿಂಬಾಕಿ ಪಗಾರದ ಅರ್ಧ ಕೊಡಿಸಿತು. ಇಂದಿಗೂ ಇಂಥ ಪ್ರಕರಣಗಳಲ್ಲಿ ಮೊದಲು ತೋರಿಸುವ ತೀರ್ಪು ಇದೇ.

ಹೆಜ್ಜೆ 3: ಒಂದು ವಾರದೊಳಗೆ ಪತ್ರ ಹಾಕಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ. ಪತ್ರ ಉದ್ದ ಬೇಡ, ಸಿಟ್ಟು ಬೇಡ, ಕಾನೂನಿನ ಕಲಂ ಬೇಡ. ಕನ್ನಡದಲ್ಲಿ ಕೈಯಿಂದಲೇ ಬರೆಯಬಹುದು. ಹೀಗೆ:

“ಮಾನ್ಯ ವ್ಯವಸ್ಥಾಪಕರಿಗೆ,
ನಾನು ನಿಮ್ಮ ಕಾರ್ಖಾನೆಯ ಮೋಲ್ಡಿಂಗ್ ವಿಭಾಗದಲ್ಲಿ ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ದಿನಾಂಕ ___ ರಂದು ಸಂಜೆ 6 ಗಂಟೆಗೆ ಸೂಪರ್‌ವೈಸರ್ ___ ಅವರು ನಾಳೆಯಿಂದ ಬರಬೇಡ ಎಂದು ಬಾಯಿಮಾತಿನಲ್ಲಿ ಹೇಳಿದರು. ___ ಮತ್ತು ___ ರಂದು ಪಾಳಿಯ ಸಮಯಕ್ಕೆ ಬಂದಾಗ ಗೇಟಿನಲ್ಲಿ ತಡೆದರು. ನಾನು ರಾಜೀನಾಮೆ ಕೊಟ್ಟಿಲ್ಲ. ಕೆಲಸ ಬಿಡುವ ಉದ್ದೇಶವೂ ನನಗಿಲ್ಲ. ಯಾವುದೇ ನೋಟಿಸ್ ನನಗೆ ಬಂದಿಲ್ಲ. ಕೂಡಲೇ ಕೆಲಸಕ್ಕೆ ಹಾಜರಾಗಲು ಸಿದ್ಧನಿದ್ದೇನೆ. ತೆಗೆದುಕೊಳ್ಳುವುದಿಲ್ಲ ಎಂದಾದರೆ ಕಾರಣವನ್ನು ಬರಹದಲ್ಲಿ ತಿಳಿಸಿ. ಈ ದಿನಗಳ ಪಗಾರದ ಹಕ್ಕನ್ನು ನಾನು ಉಳಿಸಿಕೊಂಡಿದ್ದೇನೆ.”

ಕೆಳಗೆ ಸಹಿ, ತಾರೀಖು, ಮನೆ ವಿಳಾಸ, ಫೋನ್ ನಂಬರ್. ‘ನಾನು ರಾಜೀನಾಮೆ ಕೊಟ್ಟಿಲ್ಲ’ ಮತ್ತು ‘ಹಾಜರಾಗಲು ಸಿದ್ಧನಿದ್ದೇನೆ’ ಎಂಬ ಎರಡು ವಾಕ್ಯ ಬಿಡಲೇಬೇಡಿ. ಉಳಿದದ್ದು ಹೆಚ್ಚು ಕಡಿಮೆಯಾದರೂ ನಡೆಯುತ್ತದೆ.

ಆಫೀಸಿನಲ್ಲಿ ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸಹಿ, ಶಿಕ್ಕಾ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಅಂಚೆ ಕಚೇರಿಗೆ ಹೋಗಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್, ಅದರ ಜೊತೆ ರಿಜಿಸ್ಟ್ರೇಶನ್ ಮತ್ತು ತಲುಪಿದ್ದಕ್ಕೆ ಪುರಾವೆ ಬೇಕು ಎಂದು ಕೇಳಿ. ರಸೀದಿಯ ಫೋಟೋ ಅವತ್ತೇ ತೆಗೆದಿಡಿ, ಆ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಮಾಲಕರು ತೆಗೆದುಕೊಳ್ಳದೆ ಪತ್ರ ವಾಪಸ್ ಬಂದರೆ ಬೇಜಾರು ಬೇಡ. ಲಕೋಟೆಯನ್ನು ಒಡೆಯದೆ ಹಾಗೇ ಇಡಿ. ಅದೂ ಸಾಕ್ಷಿಯೇ.

ಹೆಜ್ಜೆ 4: ಸಹಿ ಕೇಳಿದರೆ

ನಮ್ಮ ಭಾಗದಲ್ಲಿ ಮೂರು ತರದ ಸಹಿ ತೊಂದರೆ ಕೊಡುತ್ತವೆ.

ಒಂದು, ಕೆಲಸಕ್ಕೆ ಸೇರುವಾಗಲೇ ಬಿಳಿ ಹಾಳೆಯ ಮೇಲೆ ತೆಗೆದುಕೊಂಡ ಸಹಿ. ಬೇಕಾದಾಗ ಅದರ ಮೇಲೆ ರಾಜೀನಾಮೆ ಟೈಪ್ ಮಾಡಿಕೊಳ್ಳುತ್ತಾರೆ. ನಿಮ್ಮಿಂದ ಹಾಗೆ ತೆಗೆದುಕೊಂಡಿದ್ದರೆ ಮೂರನೇ ಹೆಜ್ಜೆಯ ಪತ್ರದಲ್ಲಿಯೇ “ಸೇರುವಾಗ ಖಾಲಿ ಹಾಳೆಗಳ ಮೇಲೆ ನನ್ನ ಸಹಿ ಪಡೆದಿದ್ದೀರಿ, ಅದನ್ನು ರಾಜೀನಾಮೆಯಾಗಿ ಬಳಸಿದರೆ ನನಗೆ ಒಪ್ಪಿಗೆ ಇಲ್ಲ” ಎಂದು ಬರೆಯಿರಿ. ಅವರು ರಾಜೀನಾಮೆ ತೋರಿಸುವ ಮೊದಲೇ ನೀವು ಹೇಳಿದ್ದೀರಿ ಎನ್ನುವುದಕ್ಕೆ ಬಹಳ ತೂಕವಿದೆ. ಅವರು ತೋರಿಸಿದ ಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ.

ಎರಡು, ಆಫೀಸಿಗೆ ಕರೆಸಿ, ಬಾಗಿಲು ಹಾಕಿ, “ಸಹಿ ಮಾಡು, ಇಲ್ಲಾಂದ್ರೆ ಕಳ್ಳತನದ ಕೇಸ್ ಹಾಕ್ತೀವಿ” ಎಂದು ಹೆದರಿಸಿ ತೆಗೆದುಕೊಳ್ಳುವ ರಾಜೀನಾಮೆ. ಒತ್ತಾಯದಿಂದ ಪಡೆದ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಲ್ಲ ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಆದರೆ ಒತ್ತಾಯ ಆಯಿತು ಎಂದು ತೋರಿಸುವ ಹೊಣೆ ನಿಮ್ಮದು. ಆದ್ದರಿಂದ ಅದೇ ದಿನ ಇಲ್ಲವೇ ಮರುದಿನವೇ ಪತ್ರ ಹೋಗಬೇಕು: ಹೆದರಿಸಿ ಸಹಿ ತೆಗೆದುಕೊಂಡರು, ಆ ರಾಜೀನಾಮೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅದರ ಪ್ರತಿ ಕಾರ್ಮಿಕ ಅಧಿಕಾರಿಗೂ ಹೋಗಲಿ. ಜೀವಭಯ ಹಾಕಿದ್ದರೆ ಪೊಲೀಸ್ ಠಾಣೆಗೂ. ಆರು ತಿಂಗಳು ಸುಮ್ಮನಿದ್ದು, ಕೊಟ್ಟ ದುಡ್ಡು ತೆಗೆದುಕೊಂಡು, ಆಮೇಲೆ ಒತ್ತಾಯ ಅಂದರೆ ನಂಬುವವರು ಕಡಿಮೆ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಿ. ಗಡಿ ಭಾಗದಲ್ಲಿ ಎಷ್ಟೋ ಕಾಮಗಾರರು ಕನ್ನಡ ಇಲ್ಲವೇ ಮರಾಠಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು. ಅವರ ಹೆಸರಿನ ರಾಜೀನಾಮೆ ಮಾತ್ರ ಚೊಕ್ಕ ಇಂಗ್ಲಿಷಿನಲ್ಲಿ, ಕಂಪ್ಯೂಟರಿನಲ್ಲಿ ಟೈಪ್ ಆಗಿರುತ್ತದೆ. ‘ವೈಯಕ್ತಿಕ ಕಾರಣ’ ಎಂದಿರುತ್ತದೆ. ಅದನ್ನು ಬರೆದವರು ಯಾರು, ಓದಿ ಹೇಳಿದವರು ಯಾರು ಎಂದು ಸಾಕ್ಷಿಯ ಕಟ್ಟೆಯಲ್ಲಿ ಕೇಳಿಸಿ. ಎಂಟು ವರ್ಷದ ಕೆಲಸವನ್ನು ಬೇರೆ ಕೆಲಸ ಗಟ್ಟಿಯಾಗದೆ, ಮಗಳ ಮದುವೆ ಮುಂದಿರುವಾಗ ಯಾರಾದರೂ ಒಂದೇ ದಿನದಲ್ಲಿ ಬಿಡುತ್ತಾರಾ ಎನ್ನುವ ಪ್ರಶ್ನೆಯನ್ನೂ ಎತ್ತಿಸಿ.

ಮೂರು, ಹಿಸಾಬಿನ ವೋಚರ್. “ಲೆಕ್ಕ ಚುಕ್ತಾ, ಇನ್ನೇನೂ ಬಾಕಿ ಇಲ್ಲ” ಎಂಬ ಸಾಲಿನ ಕೆಳಗೆ ಸಹಿ. ದುಡ್ಡು ಬೇಕೇ ಬೇಕು, ಮನೆ ನಡೆಯಬೇಕಲ್ವಾ. ತೆಗೆದುಕೊಳ್ಳಿ. ಆದರೆ ಸಹಿಯ ಪಕ್ಕದಲ್ಲಿ ನಿಮ್ಮ ಕೈಬರಹದಲ್ಲಿ “ತಕರಾರು ಉಳಿಸಿಕೊಂಡು ಪಡೆದಿದ್ದೇನೆ” ಎಂದು ಬರೆದು ತಾರೀಖು ಹಾಕಿ. ಬರೆಯಲು ಬಿಡದಿದ್ದರೆ ಬ್ಯಾಂಕ್ ಖಾತೆಗೆ ಹಾಕಲು ಹೇಳಿ. ಖಾತೆಗೆ ಬಂದ ದಿನವೇ ಅದೇ ಮಾತನ್ನು ಪತ್ರದಲ್ಲಿ ಬರೆದು ಕಳಿಸಿ. ಪಿಎಫ್ ಪೂರ್ತಿ ತೆಗೆಯುವಾಗಲೂ ಇದೇ ಎಚ್ಚರ ಇರಲಿ. ಪಿಎಫ್ ತೆಗೆದರೆ ಹಕ್ಕು ಹೋಗುವುದಿಲ್ಲ, ಆದರೆ “ನೋಡಿ, ಕೆಲಸ ಬಿಟ್ಟಿದ್ದಕ್ಕೇ ತೆಗೆದಿದ್ದಾನೆ” ಎಂದು ಎದುರಿನವರು ತೋರಿಸುತ್ತಾರೆ.

ಸಿಟ್ಟಿನಲ್ಲಿ ನಿಜವಾಗಿಯೂ ಬಿಡ್ತೀನಿ ಅಂದಿದ್ದರೆ?

ಮಾತಿಗೆ ಮಾತು ಬೆಳೆದು “ತಗೋರಿ ನಿಮ್ಮ ಕೆಲಸ” ಎಂದು ಹೊರಗೆ ಬಂದವರೂ ಇದ್ದಾರೆ. ರಾತ್ರಿ ವಾಟ್ಸಾಪಿನಲ್ಲಿ ರಾಜೀನಾಮೆ ಎಂದು ಕಳಿಸಿದವರೂ ಇದ್ದಾರೆ. ಇಲ್ಲಿ ಕೆಲಸ ಮಾಡುವುದು ಸಮಯ. ರಾಜೀನಾಮೆ ಜಾರಿಗೆ ಬರುವ ಮೊದಲು, ಅದನ್ನು ಒಪ್ಪಿದ್ದೇವೆ ಎಂದು ನಿಮಗೆ ತಿಳಿಸುವ ಮೊದಲು ನೀವು ಹಿಂದಕ್ಕೆ ಪಡೆಯಬಹುದು. 2024ರ ಸೆಪ್ಟೆಂಬರಿನಲ್ಲಿ ಕೊಂಕಣ ರೈಲ್ವೆಯ ನೌಕರ ಎಸ್. ಡಿ. ಮನೋಹರ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅವರು 2013ರ ಡಿಸೆಂಬರಿನಲ್ಲಿ ರಾಜೀನಾಮೆ ಬರೆದು, 2014ರ ಮೇ ತಿಂಗಳಲ್ಲಿ ಹಿಂದಕ್ಕೆ ಪಡೆದಿದ್ದರು. ಅದಕ್ಕೂ ಮೊದಲೇ ಒಪ್ಪಿಬಿಟ್ಟಿದ್ದೆವು ಎಂದು ಸಂಸ್ಥೆ ವಾದಿಸಿತು. ಒಪ್ಪಿದ್ದನ್ನು ನೌಕರರಿಗೆ ತಿಳಿಸಿದ್ದಕ್ಕೆ ಪುರಾವೆ ಇರಲಿಲ್ಲ. ಫೈಲಿನೊಳಗೆ ಬರೆದುಕೊಂಡರೆ ಸಾಲದು ಎಂದ ಕೋರ್ಟ್ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು.

ಆದ್ದರಿಂದ ಸಿಟ್ಟು ಇಳಿದ ಕೂಡಲೇ “ಕೊಟ್ಟ ರಾಜೀನಾಮೆ ಹಿಂದಕ್ಕೆ ಪಡೆದಿದ್ದೇನೆ” ಎಂದು ಬರಹದಲ್ಲಿ ಕಳಿಸಿ. ಫೋನಿನಲ್ಲಿ ಹೇಳಿದರೆ ಸಾಲದು.

ರಾಶಿಗೆ ಹೋಗಿ ಬಂದವರ ಪ್ರಶ್ನೆ

ವಿಜಯಪುರ, ಬಾಗಲಕೋಟೆ ಕಡೆಯಿಂದ ಬೆಳಗಾವಿಗೆ ದುಡಿಯಲು ಬಂದವರಿಗೆ ಊರಲ್ಲಿ ಒಂದಿಷ್ಟು ಹೊಲ ಇರುತ್ತದೆ. ಜೋಳದ ರಾಶಿಗೆ, ಜಾತ್ರೆಗೆ, ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಊರಿಗೆ ಹೋಗುತ್ತಾರೆ. ನಾಲ್ಕು ದಿನ ಅಂದದ್ದು ಹನ್ನೆರಡು ದಿನ ಆಗುತ್ತದೆ. ವಾಪಸ್ ಬಂದರೆ ಮಸ್ಟರ್‌ನಲ್ಲಿ ಹೆಸರಿಲ್ಲ.

ಗೈರುಹಾಜರಿ ತಪ್ಪೇ, ಅದಕ್ಕೆ ಶಿಸ್ತು ಕ್ರಮ ತೆಗೆದುಕೊಳ್ಳಬಹುದು. ಆದರೆ ಗೈರಾದ ಮಾತ್ರಕ್ಕೆ ಕೆಲಸ ಬಿಟ್ಟ ಹಾಗಾಗುವುದಿಲ್ಲ. ಬಿಡುವ ಉದ್ದೇಶ ಇತ್ತೇ ಎನ್ನುವುದು ಪ್ರಶ್ನೆ, ಸ್ವಲ್ಪ ದಿನ ಬಾರದಿದ್ದರೆ ಸಾಮಾನ್ಯವಾಗಿ ಆ ಉದ್ದೇಶ ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ಜಿ. ಟಿ. ಲಾಡ್ ಪ್ರಕರಣದಲ್ಲಿ ಹೇಳಿದೆ. ಗೈರಾದರು ಎಂದು ಸುಮ್ನೆ ಹೆಸರು ಹೊಡೆದುಹಾಕಿದರೆ ಅದು ಹಿಂಕಡಿತವೇ ಎಂದು 1982ರಲ್ಲಿ ರಾಬರ್ಟ್ ಡಿಸೋಜಾ ಪ್ರಕರಣದಲ್ಲಿ ಹೇಳಿತು.

ಊರಿಗೆ ಹೋಗುವ ಮುಂಚೆ ಒಂದು ಮೆಸೇಜ್, ತಡವಾದರೆ ಇನ್ನೊಂದು ಮೆಸೇಜ್ ಹಾಕಿ. ಆಸ್ಪತ್ರೆಯ ಚೀಟಿ, ಬಸ್ ಟಿಕೆಟ್ ಬಿಸಾಡಬೇಡಿ. ಮನೆಗೆ ಮಾಲಕರಿಂದ ಪತ್ರ ಬಂದರೆ ಹೆದರಿ ವಾಪಸ್ ಕಳಿಸಬೇಡಿ. “ಮೂರು ಸಲ ಕರೆದೆವು, ಪತ್ರ ತೆಗೆದುಕೊಳ್ಳಲಿಲ್ಲ” ಎನ್ನುವುದಕ್ಕೆ ಉತ್ತರ ಕೊಡುವುದು ಬಹಳ ಕಷ್ಟ.

ಸಕ್ಕರೆ ಕಾರ್ಖಾನೆಯ ಹಂಗಾಮಿನವರ ಮಾತು ಬೇರೆ. ಕಬ್ಬು ನುರಿಸುವುದು ಮುಗಿದ ಮೇಲೆ ಮನೆಗೆ ಕಳಿಸಿದರೆ ಅದು ವಜಾ ಅಲ್ಲ. 1995ರ ಮೊರಿಂಡಾ ಸಹಕಾರಿ ಸಕ್ಕರೆ ಕಾರ್ಖಾನೆಯ ತೀರ್ಪು ಹಾಗೇ ಹೇಳುತ್ತದೆ. ಆದರೆ ಅದೇ ತೀರ್ಪು ಆ ಕಾರ್ಖಾನೆಗೆ ಹಂಗಾಮಿ ಕಾರ್ಮಿಕರ ಪಟ್ಟಿ ಇಟ್ಟು, ಮುಂದಿನ ಹಂಗಾಮಿಗೆ ಅವರನ್ನೇ ಮೊದಲು ಕರೆಯಲು ಹೇಳಿತು. ಆದ್ದರಿಂದ ಮುಧೋಳ, ಜಮಖಂಡಿ, ಅಥಣಿ ಕಡೆಯ ಕಾರ್ಮಿಕರಿಗೆ ನನ್ನ ಸಲಹೆ: ಬಾಯ್ಲರ್ ಪೂಜೆಗೆ ಮುಂಚೆಯೇ “ಈ ಹಂಗಾಮಿಗೆ ಬರಲು ಸಿದ್ಧನಿದ್ದೇನೆ” ಎಂದು ಪತ್ರ ಹಾಕಿ. ಹೊಸಬರನ್ನು ತೆಗೆದುಕೊಂಡು ನಿಮ್ಮನ್ನು ಬಿಟ್ಟರೆ ತಕರಾರು ಅಲ್ಲಿಂದ ಶುರುವಾಗುತ್ತದೆ.

ಹೆಜ್ಜೆ 5: ನೀವು ಅಲ್ಲಿ ದುಡಿದಿದ್ದೀರಿ ಎನ್ನುವ ಕಾಗದ ಕೂಡಿಸಿ

ಇಎಸ್‌ಐ ಕಾರ್ಡ್, ಪಿಎಫ್ ಪಾಸ್‌ಬುಕ್, ಬ್ಯಾಂಕಿಗೆ ಬಂದ ಪಗಾರದ ನಮೂದು, ಗೇಟ್ ಪಾಸ್, ಪಗಾರ ಚೀಟಿ, ಬೋನಸ್ ರಸೀದಿ ಎಲ್ಲವೂ ಬೇಕು. ಪಿಎಫ್ ವೆಬ್‌ಸೈಟಿನಲ್ಲಿ ನಿಮ್ಮ ಖಾತೆ ತೆಗೆದು, ಕೆಲಸ ಬಿಟ್ಟ ತಾರೀಖು ಎಂದು ಮಾಲಕರು ಏನು ಹಾಕಿದ್ದಾರೆ ನೋಡಿ, ಫೋಟೋ ತೆಗೆದಿಡಿ. ನೀವು ಇನ್ನೂ ಕೆಲಸದಲ್ಲಿದ್ದ ದಿನಕ್ಕೆ ಮುಂಚಿನ ತಾರೀಖು ಹಾಕಿದ್ದರೆ ಅವರ ಕಥೆಯೇ ಬಿದ್ದುಹೋಗುತ್ತದೆ.

ಪವರ್‌ಲೂಮಿನವರ ಬಳಿ ಇದಾವುದೂ ಇರುವುದಿಲ್ಲ. ಅಲ್ಲಿ ಇರುವುದು ಸೀರೆ ಲೆಕ್ಕದ ನೋಟ್‌ಬುಕ್ಕು, ಕೂಲಿ ಚೀಟಿ, ಫೋನ್‌ಪೇಯಲ್ಲಿ ಬಂದ ವಾರದ ಕೂಲಿ. ಅದೇ ಸಾಕು, ಜೋಪಾನ ಮಾಡಿ. ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ. “ಬಾಕಿ ತೀರಿಸಲಾಗದೆ ಓಡಿಹೋದ” ಎಂಬ ಮಾತು ಬಂದೇ ಬರುತ್ತದೆ. ಎಷ್ಟು ತೆಗೆದುಕೊಂಡೆ, ಎಷ್ಟು ಮುರಿದುಕೊಂಡರು ಎಂದು ನೀವೇ ಮೊದಲು ಹೇಳಿದರೆ ಆ ಮಾತಿಗೆ ಬಲ ಇರುವುದಿಲ್ಲ.

240 ದಿನ ದುಡಿದಿದ್ದನ್ನು ತೋರಿಸುವ ಹೊಣೆ ಕಾರ್ಮಿಕರದೇ. ನಮ್ಮ ರಾಜ್ಯದಿಂದಲೇ ಹೋದ ಆರ್. ಎಂ. ಯಲ್ಲಟ್ಟಿ ಅವರ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ದಿನಗೂಲಿಯವರ ಹತ್ತಿರ ಕಾಗದ ಇರುವುದು ಕಷ್ಟ ಎಂದು ಒಪ್ಪಿದ ಕೋರ್ಟ್, ದಾರಿಯನ್ನೂ ತೋರಿಸಿತು: ಕಾರ್ಮಿಕ ಸಾಕ್ಷಿಯ ಕಟ್ಟೆ ಹತ್ತಿ ಪ್ರಮಾಣ ಮಾಡಿ ಹೇಳಬೇಕು, ಹಾಜರಿ ಪುಸ್ತಕ, ಪಗಾರದ ರಿಜಿಸ್ಟರ್ ತರಿಸಿ ಎಂದು ಕೋರ್ಟಿನಲ್ಲಿ ಕೇಳಬೇಕು. ಎಷ್ಟೋ ಜನ ಈ ಎರಡನೆಯದನ್ನು ಕೇಳುವುದೇ ಇಲ್ಲ. ಅರ್ಜಿ ಕೊಟ್ಟು ಕೇಳಿಸಿ.

ವಾಟ್ಸಾಪ್ ಮಾತುಕತೆಯ ಫೋಟೋ ಅಷ್ಟೇ ಸಾಲದು. ಮೂಲ ಮೆಸೇಜ್ ಅಳಿಸಬೇಡಿ, ಆ ಫೋನ್ ಮಾರಲೂಬೇಡಿ. ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ವಕೀಲರು ಮಾಡಿಸುತ್ತಾರೆ.

ಹೆಜ್ಜೆ 6: ಕಾರ್ಮಿಕ ಇಲಾಖೆ

ಪತ್ರಕ್ಕೆ ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಅರ್ಜಿ ಕೊಡಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಕಚೇರಿ ಇದೆ. ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ಇಲಾಖೆಯ ಸಹಾಯವಾಣಿ 155214ಕ್ಕೆ ಫೋನ್ ಮಾಡಿ. ಅರ್ಜಿಯಲ್ಲಿ “ಸಂಧಾನ ನಡೆಸಿ, ಕೆಲಸಕ್ಕೆ ವಾಪಸ್ ಕೊಡಿಸಿ” ಎಂದೇ ಕೇಳಿ. ಬರೀ “ಬಾಕಿ ಪಗಾರ ಕೊಡಿಸಿ” ಎಂದು ಬರೆದರೆ ಕೆಲಸ ನಿಮಗೆ ಬೇಡ ಎಂದು ಅರ್ಥವಾಗುತ್ತದೆ. ಬಾಕಿ ಪಗಾರಕ್ಕೆ ಬೇರೆ ಅರ್ಜಿ ಹಾಕಿ. ರಾಜೀನಾಮೆ ಇರಲಿ, ವಜಾ ಇರಲಿ, ದುಡಿದ ದಿನದ ಪಗಾರವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ.

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನಿಮಗೆ ಮುಖ್ಯವಾದ ಬದಲಾವಣೆ ಒಂದು: ಕೆಲಸ ಹೋದ ಮೇಲೆ ನ್ಯಾಯಮಂಡಳಿಗೆ ಹೋಗಲು ಮೊದಲು ಮೂರು ವರ್ಷ ಇತ್ತು, ಈಗ ಎರಡೇ ವರ್ಷ. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು, ಸರ್ಕಾರದ ಒಪ್ಪಿಗೆಗೆ ಕಾಯಬೇಕಿಲ್ಲ. ಅರ್ಜಿ ಕೊಟ್ಟ ದಿನದ ಸ್ವೀಕೃತಿ ಇಟ್ಟುಕೊಳ್ಳಿ. ಆ 45 ದಿನ ಅಲ್ಲಿಂದಲೇ ಎಣಿಸುತ್ತಾರೆ.

ಸಂಧಾನದಲ್ಲಿ ವಕೀಲರಿಗೆ ಅವಕಾಶವಿಲ್ಲ. ಯೂನಿಯನ್‌ನವರು ನಿಮ್ಮ ಪರ ಮಾತಾಡಬಹುದು. ಬೆಳಗಾವಿಯಲ್ಲಿ ಯೂನಿಯನ್‌ಗಳಿಗೆ ಬರಗಾಲವಿಲ್ಲ. ನಿಮ್ಮ ಕಾರ್ಖಾನೆಯಲ್ಲಿ ಇಲ್ಲದಿದ್ದರೂ ಹೋಗಿ ಕೇಳಿ.

ಈಗ ಒಂದು ಪೇಚು. ಸಂಧಾನದ ಮೊದಲ ದಿನವೇ ಮಾಲಕರು, “ನಾವು ತೆಗೆದಿಲ್ಲ, ನಾಳೆಯಿಂದಲೇ ಬರಲಿ” ಅನ್ನಬಹುದು. ಸಿಟ್ಟಿನಲ್ಲಿ “ನನ್ನ ಹಿಸಾಬು ಕೊಡ್ರಿ, ನಾ ಒಲ್ಲೆ” ಅಂದುಬಿಟ್ಟರೆ ಆಯಿತು, ‘ತಾನೇ ಬಿಟ್ಟ’ ಎನ್ನುವುದನ್ನು ನೀವೇ ಸಾಬೀತು ಮಾಡಿದ ಹಾಗೆ. ಅಧಿಕಾರಿಯ ನಡಾವಳಿಯಲ್ಲಿ ಅದು ದಾಖಲಾಗುತ್ತದೆ. “ಹಿಂದಿನ ಪಗಾರದ ಹಕ್ಕು ಉಳಿಸಿಕೊಂಡು ಹಾಜರಾಗುತ್ತೇನೆ” ಎಂದು ಬರೆಸಿ, ಮರುದಿನ ಹೋಗಿ. ಹಳೆಯ ಕೆಲಸ, ಹಳೆಯ ಪಗಾರ, ಹಳೆಯ ಸೇವೆಯೇ ಮುಂದುವರಿಯಬೇಕು. ಹೊಸದಾಗಿ ಸೇರಿದ ಹಾಗೆ ಅರ್ಜಿ ಬರೆಸಿಕೊಂಡರೆ ಎಂಟು ವರ್ಷ ಅಳಿಸಿಹೋಗುತ್ತದೆ, ಅದಕ್ಕೆ ಸಹಿ ಬೇಡ. ಗೇಟಿನಲ್ಲಿ ಮತ್ತೆ ತಡೆದರೆ ಅವತ್ತೇ ಅಧಿಕಾರಿಗೆ ಬರಹದಲ್ಲಿ ತಿಳಿಸಿ. ಆಗ ಮಾಲಕರ ಮಾತು ಅವರಿಗೇ ತಿರುಗುತ್ತದೆ.

ಹೆಜ್ಜೆ 7: ನ್ಯಾಯಮಂಡಳಿ

ವಕೀಲರ ಫೀಜಿಗೆ ಹೆದರಿ ಬಿಡುವವರು ಬಹಳ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ಹಕ್ಕಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೂ ಇದೆ, ಆದಾಯ ಎಷ್ಟೇ ಇರಲಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100.

ಇಲ್ಲಿ ಯಾರು ಏನನ್ನು ಸಾಬೀತು ಮಾಡಬೇಕು? ರಾಜೀನಾಮೆ ಕೊಟ್ಟರು ಎಂದು ಮಾಲಕರು ಹೇಳಿದರೆ ರಾಜೀನಾಮೆ ಪತ್ರ, ಅದನ್ನು ಒಪ್ಪಿ ನಿಮಗೆ ತಿಳಿಸಿದ ಪತ್ರ ತೋರಿಸಬೇಕು. ಬಿಟ್ಟು ಹೋದರು ಎಂದರೆ ವಾಪಸ್ ಕರೆದ ನೋಟಿಸ್, ವಿಚಾರಣೆ ತೋರಿಸಬೇಕು. ಅವರು ಎರಡನ್ನೂ ಒಟ್ಟಿಗೆ ಹೇಳಿದರೆ, ಅಂದರೆ ಸಂಧಾನದಲ್ಲಿ ‘ಬಿಟ್ಟು ಹೋದ’, ಕೋರ್ಟಿನಲ್ಲಿ ‘ರಾಜೀನಾಮೆ ಕೊಟ್ಟ’ ಎಂದರೆ, ಸಂಧಾನದ ನಡಾವಳಿಯ ನಕಲು ತೆಗೆಸಿ ಕೋರ್ಟಿಗೆ ಹಾಕಿ.

ಹಿಂಬಾಕಿ ಪಗಾರ ಬೇಕಾದರೆ, ಕೆಲಸ ಹೋದ ಮೇಲೆ ಬೇರೆ ಕಡೆ ಸರಿಯಾದ ಕೆಲಸ ಸಿಕ್ಕಿಲ್ಲ ಎಂದು ನೀವು ಪ್ರಮಾಣ ಮಾಡಿ ಹೇಳಬೇಕು. 2013ರ ದೀಪಾಲಿ ಸುರ್ವಸೆ ತೀರ್ಪಿನ ಪ್ರಕಾರ ಅದರ ನಂತರ ಹೊಣೆ ಮಾಲಕರ ಮೇಲೆ ಹೋಗುತ್ತದೆ. ನಡುವೆ ಕೂಲಿಗೆ ಹೋಗಿದ್ದರೆ ಹೋಗಿದ್ದೆ ಎಂದೇ ಹೇಳಿ. ಹೊಟ್ಟೆಪಾಡಿಗೆ ದುಡಿದಿದ್ದು ತಪ್ಪಲ್ಲ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಉಳಿದ ಮಾತನ್ನೂ ನಂಬುವುದಿಲ್ಲ.

ಗೆದ್ದವರೆಲ್ಲರಿಗೂ ಕೆಲಸ ವಾಪಸ್ ಸಿಗುವುದಿಲ್ಲ ಎನ್ನುವುದೂ ಗೊತ್ತಿರಲಿ. ಕಡಿಮೆ ವರ್ಷ ದುಡಿದ ದಿನಗೂಲಿಯವರಿಗೆ ಕೋರ್ಟುಗಳು ಒಂದು ಗಂಟು ಪರಿಹಾರ ಕೊಡುವುದು ಈಚೆಗೆ ಜಾಸ್ತಿ. ಸಂಧಾನದಲ್ಲಿ ಮರ್ಯಾದೆಯ ಮೊತ್ತ ಸಿಕ್ಕರೆ ಮೇಲಿನ ಲೆಕ್ಕದ ಜೊತೆ ಹೋಲಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವುದಾದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ಸಣ್ಣ ಮಾಲಕರಿಗೂ ಎರಡು ಮಾತು

ಹೇಳದೆ ಕೇಳದೆ ಬಿಟ್ಟು ಹೋಗುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹತ್ತು ಜನರ ವರ್ಕ್‌ಶಾಪ್ ನಡೆಸುವವರಿಗೆ ಒಬ್ಬ ಟರ್ನರ್ ಏಕಾಏಕಿ ಕೈಕೊಟ್ಟರೆ ಆರ್ಡರ್ ನಿಲ್ಲುತ್ತದೆ. ಆದರೂ ಹೆಸರು ಹೊಡೆಯುವ ಮುಂಚೆ ಅವರ ಊರಿನ ವಿಳಾಸಕ್ಕೆ ಪತ್ರ ಹಾಕಿ, ಬಂದು ಸೇರಿಕೊಳ್ಳಿ ಎಂದು ತಾರೀಖು ಕೊಡಿ. ಬಾರದಿದ್ದರೆ ಇನ್ನೊಂದು ಪತ್ರ ಹಾಕಿ, ಕಾರಣ ಕೇಳಿ, ವಿಚಾರಣೆ ಮಾಡಿ, ಆಮೇಲೆ ಆದೇಶ ಹೊರಡಿಸಿ. ರಾಜೀನಾಮೆ ಕೊಟ್ಟರೆ ಅವರ ಕೈಯಿಂದಲೇ, ಅವರ ಭಾಷೆಯಲ್ಲಿಯೇ ಬರೆಸಿಕೊಳ್ಳಿ. ಒಪ್ಪಿದ್ದನ್ನು ಬರಹದಲ್ಲಿ ತಿಳಿಸಿ. ಇಷ್ಟಕ್ಕೆ ಆಗುವ ಖರ್ಚು ಅಂಚೆಯದು ಮಾತ್ರ.

ಈ ದಾರಿ ಯಾರಿಗೆ ಅಲ್ಲ

ಮ್ಯಾನೇಜರ್‌ಗಳಿಗೆ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಗಾರದ ಮೇಲ್ವಿಚಾರಕರಿಗೆ ಈ ಸಂಹಿತೆಯ ದಾರಿ ಇಲ್ಲ. ಹುದ್ದೆಯ ಹೆಸರು ಏನೇ ಇರಲಿ, ಮಾಡುವ ಕೆಲಸ ಯಾವುದು ಎಂದು ನೋಡುತ್ತಾರೆ. ‘ಸೂಪರ್‌ವೈಸರ್’ ಎಂದು ಬರೆದಿದ್ದರೂ ದಿನವಿಡೀ ಲೇಥ್ ಮೇಲೆ ನಿಂತು ದುಡಿಯುವವರು ಕಾರ್ಮಿಕರೇ. ಅಂಗಡಿ, ಹೋಟೆಲಿನವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಇದೆ. ಅದರ 39ನೇ ಕಲಂ ಪ್ರಕಾರ ಆರು ತಿಂಗಳು ದುಡಿದವರನ್ನು ಸರಿಯಾದ ಕಾರಣ, ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ.

ಖಾಸಗಿ ಶಾಲೆ, ಕಾಲೇಜಿನ ಶಿಕ್ಷಕರು ಕಾರ್ಮಿಕರ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಅವರು ಹೋಗಬೇಕಾದ್ದು ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಂ ಪ್ರಕಾರ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ. ಅವರಿಗೆ ಎರಡು ವರ್ಷ ಇಲ್ಲ, ಆದೇಶ ಕೈಗೆ ಬಂದ ದಿನದಿಂದ ಮೂರೇ ತಿಂಗಳು. ಹಾಗಾಗಿ ಶಿಕ್ಷಕರಾಗಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಕಾಲ ಕಳೆಯದೆ ಮೊದಲ ವಾರವೇ ವಕೀಲರನ್ನು ನೋಡಿ.